ಬಾಯಾರಿದ ನೀಲಿ ಮಣಿಗಳು

"ಹಲೋ, ಪೊಲೀಸ್ ಸ್ಟೇಷನ್ನಾ? ಬೇಗ ಬನ್ನಿ. ನನ್ನ ಹೆಂಡತಿ ದನೀನ ಯಾರೋ ಹಾಳು ಮಾಡಿದ್ದಾರೆ!"

ಇನ್ಸ್‌ಪೆಕ್ಟರಮ್ಮ ಆಗಷ್ಟೇ ಟೀ ಲೋಟಕ್ಕೆ ಕೈ ಚಾಚಿದ್ದರು. ಸೋಮವಾರ ಬೆಳಗಿನ ಮೊದಲ ಟೀ. ಅದನ್ನು ನೆಮ್ಮದಿಯಾಗಿ ಕುಡಿದ ನೆನಪು ಅವರ ಇಡೀ ನೌಕರಿಯಲ್ಲಿ ಇರಲಿಲ್ಲ.

"ನಿಮ್ಮ ಹೆಂಡತಿಗೆ ಏನಾಗಿದೆ ಅಂದ್ರಿ?"

"ಹೆಂಡತಿ ಚೆನ್ನಾಗಿದ್ದಾಳೆ. ಪಕ್ಕದಲ್ಲೇ ನಿಂತಿದ್ದಾಳೆ. ಅವಳ ದನಿ ಹೋಯ್ತು."

"ನೆಗಡಿ ಆಗಿದ್ಯಾ?"

"ಅಯ್ಯೋ, ದನಿ ಪೆಟ್ಟಿಗೇಲಿತ್ತು ಕಣಮ್ಮಾ! ಗಂಟಲಿನ ಆಸ್ಪತ್ರೇಲಿ! ಈಗ ತೆಗೆದು ನೋಡಿದ್ರೆ ಪೆಟ್ಟಿಗೆ ತುಂಬ ಬೂಷ್ಟು!"

ಇನ್ಸ್‌ಪೆಕ್ಟರಮ್ಮ ಟೀ ಲೋಟದ ಮೇಲೆ ತಟ್ಟೆ ಮುಚ್ಚಿ ಎದ್ದರು. ಇಷ್ಟು ವರ್ಷದಲ್ಲಿ ಸರ ಕಳುವಾದ ದೂರು ಬಂದಿತ್ತು, ಸೈಕಲ್ಲು, ಕುರಿ, ಒಮ್ಮೆ ಒಂದು ಬಾವಿಯ ರಾಟೆ ಕೂಡ. ದನಿ ಇದೇ ಮೊದಲು.

\* \* \*

ಆ ಆಸ್ಪತ್ರೆಯಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಶಸ್ತ್ರಕ್ರಿಯೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ಕಳೆದುಕೊಳ್ಳಬೇಕಾದ ರೋಗಿಗಳನ್ನು ಮೊದಲು ಒಂದು ಸದ್ದಿಲ್ಲದ ಕೋಣೆಯಲ್ಲಿ ಕೂರಿಸುತ್ತಿದ್ದರು. ಅವರು ದಿನಗಟ್ಟಲೆ ಓದಬೇಕು, ಹರಟಬೇಕು, ಬಯ್ಯಬೇಕು, ನಗಬೇಕು. ಅದೆಲ್ಲ ಕಂಪ್ಯೂಟರ್ ಟೇಪುಗಳಲ್ಲಿ ತುಂಬಿ, ತೇವ ತಾಗದ ಒಣಕೋಣೆ ಸೇರುತ್ತಿತ್ತು. ಗಾಯ ಮಾಗಿದ ಮೇಲೆ ಅಂಗೈ ಅಗಲದ ಒಂದು ಯಂತ್ರಕ್ಕೆ ಆ ದನಿಯನ್ನು ಕಲಿಸುತ್ತಿದ್ದರು. ರೋಗಿ ಬೆರಳಿನಿಂದ ಒತ್ತಿದ ಮಾತನ್ನು ಯಂತ್ರ ಅವರದೇ ದನಿಯಲ್ಲಿ ಆಡುತ್ತಿತ್ತು.

ಟೀಚರಮ್ಮನ ಯಂತ್ರಕ್ಕೆ ದನಿ ತುಂಬಬೇಕಿದ್ದದ್ದು ಇವತ್ತು.

ಅವರು ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದರು. ಕುತ್ತಿಗೆಗೆ ಹತ್ತಿ ಬಟ್ಟೆ ಸುತ್ತಿತ್ತು. ತೊಡೆಯ ಮೇಲೆ ಮಕ್ಕಳ ಸ್ಲೇಟು. ಪಕ್ಕದಲ್ಲಿ ಆಸ್ಪತ್ರೆಯ ಕಸ ಗುಡಿಸುವ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ನಷ್ಟವಾದದ್ದು ಟೀಚರಮ್ಮನಿಗೆ, ಬೆನ್ನು ಸವರಿ ಸಮಾಧಾನ ಮಾಡುತ್ತಿದ್ದವರೂ ಅವರೇ.

ಇನ್ಸ್‌ಪೆಕ್ಟರಮ್ಮನನ್ನು ಕಂಡದ್ದೇ ಟೀಚರಮ್ಮ ಸ್ಲೇಟು ಎತ್ತಿ ಹಿಡಿದರು. ದುಂಡು ಅಕ್ಷರದಲ್ಲಿ ಬರೆದಿತ್ತು: 'ಇವಳನ್ನು ಬಯ್ಯಬೇಡಿ. ಇವಳು ಅಂಥವಳಲ್ಲ.'

"ಯಾರು ಬೈದದ್ದು ಇವರನ್ನ?"

ಟೀಚರಮ್ಮನ ಯಜಮಾನರು ಒಣಕೋಣೆಯತ್ತ ಬೆರಳು ತೋರಿಸಿದರು. ಗಡಿಯಾರ ರಿಪೇರಿ ಮಾಡಿ ಮಾಡಿ ಬಾಗಿದ ಬೆನ್ನು, ಸಣ್ಣ ಕಣ್ಣು. ಇನ್ನೊಂದು ಕೈಯಲ್ಲಿ ಫೋನನ್ನು ಗುಬ್ಬಿಮರಿಯ ಹಾಗೆ ಜೋಪಾನವಾಗಿ ಹಿಡಿದಿದ್ದರು.

\* \* \*

"ಮೇಡಂ, ಬಾಗಿಲು! ಬೇಗ ಒಳಗೆ ಬಂದು ಹಾಕ್ಬಿಡಿ. ಹೊರಗಿನ ತೇವ ನುಗ್ಗುತ್ತೆ!"

ಹೀಗೆ ಕೂಗಿದವನು ಒಣಗಪ್ಪ. ಅವನ ನಿಜವಾದ ಹೆಸರು ಆಸ್ಪತ್ರೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಟೇಪುಗಳಿಗೆ ತೇವ ತಾಗದಂತೆ ನೋಡಿಕೊಳ್ಳುವುದೇ ಅವನ ಕೆಲಸ, ಅದಕ್ಕೇ ಆ ಹೆಸರು. ಅವನೂ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ಓಡಾಡುತ್ತಿದ್ದ.

ಕೋಣೆ ಚೊಕ್ಕಟವಾಗಿತ್ತು. ಗೋಡೆಯಿಂದ ಗೇಣು ದೂರದಲ್ಲಿ ಕಬ್ಬಿಣದ ಕಪಾಟುಗಳು. ಅವುಗಳಲ್ಲಿ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಗಳು. ಮೂಲೆಯಲ್ಲಿ ಗಾಳಿಯ ತೇವ ಹೀರುವ ಯಂತ್ರ. ಅದರ ಹೊಟ್ಟೆಯಲ್ಲಿ ಒಂದು ಬಕೆಟ್ಟು. ಹೀರಿದ ನೀರೆಲ್ಲ ಅದಕ್ಕೆ ತೊಟ್ಟಿಕ್ಕುತ್ತದೆ. ಬಕೆಟ್ಟು ತುಂಬಿದರೆ ಯಂತ್ರ ತಾನಾಗಿ ನಿಲ್ಲುತ್ತದೆ.

ಈಗ ಯಂತ್ರ ನಿಂತಿತ್ತು. ಕೆಂಪು ದೀಪ ಉರಿಯುತ್ತಿತ್ತು. ಬಕೆಟ್ಟು ಕಂಠಮಟ್ಟ.

"ನೋಡಿ ಮೇಡಂ," ಒಣಗಪ್ಪ ಹಣೆ ಚಚ್ಚಿಕೊಂಡ. "ಈ ನೀರು ಚೆಲ್ಲೋದು ಒಂದೇ ಕೆಲಸ ಆ ಅಕ್ಕಂಗೆ. ಅದನ್ನೂ ಮಾಡಿಲ್ಲ. ಯಂತ್ರ ನಿಂತಿದೆ, ತೇವ ಏರಿದೆ, ಬೂಷ್ಟು ಹಿಡಿದಿದೆ. ಎಷ್ಟು ದಿನದಿಂದ ಹೀಗೆ ಮಾಡ್ತಿದ್ಲೋ!"

ಅಲ್ಲೇ ನಿಂತಿದ್ದ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಮುಂದೆ ತಳ್ಳಿದರು. ಒಳಗೆ ಎರಡು ಟೇಪುಗಳು, ಚೌಕದ ಪ್ಲಾಸ್ಟಿಕ್ ಕವಚದಲ್ಲಿ. ಕವಚದ ಮೇಲೆಲ್ಲ ಬೆಕ್ಕಿನ ಮರಿಯ ಮೈಯಂತೆ ಬೂದು ರೋಮ. ಕಿಂಡಿಯಲ್ಲಿ ಕಾಣುತ್ತಿದ್ದ ಟೇಪಿನ ಅಂಚೂ ಬಿಳಿಚಿತ್ತು.

"ಎರಡೂ ಹೋಗಿದ್ಯಾ?" ಇನ್ಸ್‌ಪೆಕ್ಟರಮ್ಮ ಕೇಳಿದರು. "ಒಂದೇ ಕಡೆ ಯಾಕಿಟ್ರಿ ಎರಡನ್ನೂ?"

ಡಾಕ್ಟರಮ್ಮನ ಮುಖ ಸಣ್ಣದಾಯಿತು. "ಒಂದು ಇಲ್ಲಿ, ಒಂದು ಹಿಂದಿನ ಕಟ್ಟಡದಲ್ಲಿ ಇರಬೇಕು. ಅಲ್ಲಿ ಈಗ ಬಣ್ಣ ಹೊಡೀತಿದ್ದಾರೆ. ಹಸಿ ಗೋಡೆ ಬೇಡ ಅಂತ ಒಣಗಪ್ಪನೇ ಇಲ್ಲಿಗೆ ತಂದಿಟ್ಟ. ರೆಕಾರ್ಡಿಂಗ್ ಕಂಪ್ಯೂಟರನ್ನ ಪ್ರತಿ ರೋಗಿ ಆದಮೇಲೂ ಅಳಿಸ್ತೀವಿ. ಬೇರೆ ಎಲ್ಲೂ ಇಲ್ಲ."

"ಟೇಪನ್ನ ಒಂದ್ಸಲ ಓಡಿಸಿ ನೋಡಿದ್ರೆ?"

"ಬೇಡ ಬೇಡ!" ಒಣಗಪ್ಪ ಎರಡೂ ಕೈ ಅಡ್ಡ ಹಿಡಿದ. "ಬೂಷ್ಟಿನ ಪುಡಿ ಓದೋ ಯಂತ್ರಕ್ಕೆ ಅಂಟುತ್ತೆ. ಅಲ್ಲಿಂದ ಇನ್ನೊಬ್ಬರ ಟೇಪಿಗೆ. ಇದನ್ನ ಮಧ್ಯಾಹ್ನ ಆಸ್ಪತ್ರೆ ಕಸದ ಜೊತೆ ಸುಟ್ಟುಬಿಡೋದೇ ವಾಸಿ."

"ಸುಡೋದು ಬಿಡೋದು ನಾನು ಹೇಳ್ತೀನಿ. ಪೆಟ್ಟಿಗೆ ಇಲ್ಲೇ ಇರಲಿ." ಇನ್ಸ್‌ಪೆಕ್ಟರಮ್ಮ ಬಗ್ಗಿ ನೋಡಿದರು. ಟೇಪುಗಳ ನಡುವೆ ಸೊಳ್ಳೆಪರದೆಯ ಬಟ್ಟೆಯಲ್ಲಿ ಹೊಲಿದ ಒಂದು ಪುಟ್ಟ ಪೊಟ್ಟಣ. ಒಳಗೆ ಸಾಸಿವೆಗಿಂತ ದಪ್ಪನೆಯ ನೀಲಿ ಮಣಿಗಳು. "ಇದೇನಿದು, ಆಟದ ಸಾಮಾನಾ?"

ಒಣಗಪ್ಪನ ಮುಖ ಅರಳಿತು. ತನ್ನ ವಿದ್ಯೆಯ ಮಾತು ಬಂದರೆ ಯಾರಿಗೆ ಅರಳುವುದಿಲ್ಲ?

"ಹೊಸ ಚಪ್ಪಲಿ ಡಬ್ಬೀಲಿ ಪೊಟ್ಟಣ ಇರಲ್ವಾ ಮೇಡಂ, ಅದೇ. ಸಿಲಿಕಾ ಜೆಲ್. ಉಳಿದ ತೇವಾನ ಇದು ಕುಡಿಯುತ್ತೆ. ನೀಲಿ ಇದ್ರೆ ಇನ್ನೂ ಬಾಯಾರಿಕೆ. ಗುಲಾಬಿ ಆದ್ರೆ ಹೊಟ್ಟೆ ತುಂಬ್ತು ಅಂತ. ಒಲೇಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ." ಅವನು ಪಕ್ಕದ ಇನ್ನೊಂದು ಪೆಟ್ಟಿಗೆ ತೆರೆದು ತೋರಿಸಿದ. ಅದರ ಮಣಿಗಳು ತುಸು ಗುಲಾಬಿಗೆ ತಿರುಗಿದ್ದವು. ಟೇಪು ಮಾತ್ರ ಕನ್ನಡಿಯ ಹಾಗಿತ್ತು. "ಇದು ನನ್ನ ಕೈಯಿಂದ್ಲೇ ಆಗ್ಬೇಕು. ಡಾಕ್ಟರಮ್ಮಂಗೂ ಮುಟ್ಟೋಕೆ ಬಿಡಲ್ಲ."

"ನಿಜ," ಎಂದರು ಡಾಕ್ಟರಮ್ಮ. "ಒಂದ್ಸಲ ನಾನು ಮುಟ್ಟಿದ್ದಕ್ಕೆ ವಾರ ಮಾತು ಬಿಟ್ಟಿದ್ದ."

"ಮೇಲಿನ ಸಾಲಿನ ಪೆಟ್ಟಿಗೆಗಳಲ್ಲಿ ಪೊಟ್ಟಣ ಕಾಣಿಸ್ತಿಲ್ವಲ್ಲ?"

"ಅವು ಖಾಲಿ ಟೇಪು ಮೇಡಂ, ಏನೂ ತುಂಬಿಲ್ಲ. ಅವಕ್ಕೆ ಯಾಕೆ ಪೊಟ್ಟಣ ದಂಡ?"

ಇನ್ಸ್‌ಪೆಕ್ಟರಮ್ಮ ಹೂಂಗುಟ್ಟಿದರು. ಬಕೆಟ್ಟಿನಲ್ಲಿ ಬೆರಳು ಅದ್ದಿ ತಮ್ಮ ಕಪ್ಪು ಕನ್ನಡಕದ ಗಾಜಿಗೆ ಒಂದು ಹನಿ ಬಿಟ್ಟು, ಕನ್ನಡಕವನ್ನು ಕಿಟಕಿಯ ಗಾಜಿನ ಹತ್ತಿರ ಬಿಸಿಲಿಗೆ ಇಟ್ಟರು. ಆಮೇಲೆ ಬೂಷ್ಟು ಹಿಡಿದ ಟೇಪಿನ ಮೇಲಿನ ಹೆಸರಿನ ಚೀಟಿಯನ್ನು ಬಹಳ ಹೊತ್ತು ನೋಡಿದರು. ಚೀಟಿ ಹಾಲಿನಂತೆ ಬೆಳ್ಳಗಿತ್ತು.

\* \* \*

ಮೊಗಸಾಲೆಯಲ್ಲಿ ಅಕ್ಕ ಮೂಗು ಒರೆಸಿಕೊಂಡಳು.

"ಶನಿವಾರ ಸಾಯಂಕಾಲ ಬಕೆಟ್ಟು ಖಾಲಿ ಮಾಡಿದೀನಿ ತಾಯಿ. ನನ್ನ ಮಕ್ಕಳಾಣೆ. ಆ ನೀರನ್ನ ನಾನು ಚೆಲ್ಲೋದೂ ಇಲ್ಲ, ರೋಗಿಗಳ ಬಟ್ಟೆ ಇಸ್ತ್ರಿಗೆ ಇಟ್ಕೋತೀನಿ. ನಲ್ಲಿ ನೀರು ಹಾಕಿದ್ರೆ ಬಟ್ಟೆ ಮೇಲೆ ಬಿಳೀ ಕಲೆ ಆಗುತ್ತೆ. ಇದ್ರಲ್ಲಿ ಆಗಲ್ಲ."

"ಭಾನುವಾರ ಬಂದಿದ್ರಾ?"

"ಭಾನುವಾರ ಯಾರೂ ಬರಲ್ಲ. ಬೀಗ. ಕೀಲಿ ಇರೋದು ಡಾಕ್ಟರಮ್ಮನ ಹತ್ರ, ಒಣಗಪ್ಪಣ್ಣನ ಹತ್ರ." ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅವರಿಗೆ ಬೇಕು ಅಂತ ನನ್ನ ಹಳೇ ಸೊಳ್ಳೆಪರದೆ ಕತ್ತರಿಸಿ ಎಲ್ಲಾ ಪೊಟ್ಟಣ ಹೊಲ್ಕೊಟ್ಟವಳು ನಾನು. ಇವತ್ತು ಅವರೇ ಕಳ್ಳಿ ಅನ್ನೋ ಹಾಗೆ ನೋಡ್ತಾರೆ."

ಅಷ್ಟರಲ್ಲಿ ಇನ್ಸ್‌ಪೆಕ್ಟರಮ್ಮನ ಕಣ್ಣು ಯಜಮಾನರ ಮೇಲೆ ಬಿತ್ತು. ಅವರು ಮೆಲ್ಲಗೆ ಮೆಟ್ಟಿಲಿನ ಮರೆಗೆ ಸರಿದಿದ್ದರು. ಫೋನು ಕಿವಿಗೆ. ತುಟಿ ಅಲ್ಲಾಡುತ್ತಿಲ್ಲ. ಕೇಳಿದರು, ಇಟ್ಟರು. ಮತ್ತೆ ಅದೇ ನಂಬರು ಒತ್ತಿದರು. ಕೇಳಿದರು, ಇಟ್ಟರು.

ಇದೇನಪ್ಪಾ ಈ ಮೌನವ್ರತದ ಫೋನು? ಯಾರಿಗೆ ಸನ್ನೆ?

ಇನ್ಸ್‌ಪೆಕ್ಟರಮ್ಮ ಹಿಂದಿನಿಂದ ಹೋಗಿ ಕೈ ಚಾಚಿದರು. "ಕೊಡಿ ಇಲ್ಲಿ."

ಮುದುಕರು ಬೆಚ್ಚಿಬಿದ್ದರು. ಪರದೆಯ ತುಂಬ ಒಂದೇ ನಂಬರು. ಇವತ್ತು, ನಿನ್ನೆ, ಮೊನ್ನೆ.

"ಯಾರದ್ದು ಇದು?"

"ಕರೆಂಟ್ ಆಫೀಸಿಂದು."

"ದಿನಾ ಮನೇಲಿ ಕರೆಂಟ್ ಹೋಗುತ್ತಾ?"

"ಇಲ್ಲ." ಅವರ ಕಿವಿ ಕೆಂಪಾಯಿತು. "ಯಾರಿಗೂ ಹೇಳ್ಬೇಡಿ ಅಮ್ಮ. ಇವಳಿಗಂತೂ ಬೇಡವೇ ಬೇಡ, ನಗ್ತಾಳೆ. ಅಲ್ಲಿ ಒಂದು ಹೆಂಗಸಿನ ದನಿ ಬರುತ್ತೆ. ದೂರು ಹೇಳೋಕೆ ಒಂದು ಒತ್ತಿ, ಕಾಯಿರಿ ಅಂತೆಲ್ಲ. ಅದು ಇವಳ ದನಿ ಹಾಗೇ ಕೇಳುತ್ತೆ. ಮನೇಲಿ ತುಂಬಾ ಸದ್ದಿಲ್ಲ ಅನ್ನಿಸಿದಾಗ ಒಂದ್ಸಲ ಕೇಳ್ತೀನಿ. ವಯಸ್ಸಾಯ್ತಲ್ಲ, ತಲೆ ಕೆಟ್ಟಿದೆ ಅಂದ್ಕೊಂಡೆ."

ಇನ್ಸ್‌ಪೆಕ್ಟರಮ್ಮ ನಂಬರು ಒತ್ತಿ ಕಿವಿಗಿಟ್ಟರು. ಯಂತ್ರದ ಹೆಂಗಸು ಹೇಳಿದಳು: 'ಸ್ವಲ್ಪ ಸಮಯ ಕಾಯಿರಿ. ನಿಮ್ಮ ಸಮಸ್ಯೆಯನ್ನು ಸರಿಪಡಿಸುತ್ತೇವೆ.'

ಒಂದೊಂದು ಸಕಾರದಲ್ಲೂ ಸಣ್ಣ ಶಿಳ್ಳೆ.

"ಈ ಶಿಳ್ಳೆ?"

"ಅದೇ! ಅದೇ ಅಮ್ಮ ನಾನು ಹೇಳಿದ್ದು! ಮದುವೆಯಾದ ಹೊಸತರಲ್ಲಿ ನನ್ನ ಸೈಕಲ್ ಮೇಲಿಂದ ಬಿದ್ದು ಇವಳ ಮುಂದಿನ ಹಲ್ಲು ಮುಕ್ಕಾಯ್ತು. ಅವತ್ತಿಂದ ಸಕ್ಕರೆ ಅಂದ್ರೂ ಶಿಳ್ಳೆ, ಸಾಕು ಅಂದ್ರೂ ಶಿಳ್ಳೆ. ಕ್ಲಾಸಲ್ಲಿ ಮಕ್ಕಳು ಅದನ್ನ ಕೇಳೋಕೇ ಮಗ್ಗಿ ತಪ್ಪು ಹೇಳ್ತಿದ್ರು."

"ಯಾವಾಗಿಂದ ಬರ್ತಿದೆ ಈ ದನಿ?"

"ಇವಳ ಆಪರೇಷನ್ ಆಗಿ ಸ್ವಲ್ಪ ದಿನಕ್ಕೆ. ಮುಂಚೆ ಬೇರೆ ಯಾರೋ ಇದ್ಲು."

ಇನ್ಸ್‌ಪೆಕ್ಟರಮ್ಮ ಫೋನನ್ನು ಇನ್ನೊಮ್ಮೆ ಕಿವಿಗಿಟ್ಟು ಕೇಳಿದರು. ಮುದುಕರ ತಲೆ ಕೆಟ್ಟಿರಲಿಲ್ಲ. ಗಂಟಲಿನಿಂದ ಹೋದ ದನಿ ಪೆಟ್ಟಿಗೆಯಿಂದಲೂ ಹೊರಟು ಊರೆಲ್ಲ ಮಾತಾಡುತ್ತಿದೆ!

ಫೋನು ಮರಳಿಸುತ್ತ ಅವರು ಕಿಟಕಿಯಾಚೆ ನೋಡಿದರು. ಹಿತ್ತಲಿನ ಚಿಮಣಿಯಲ್ಲಿ ಹೊಗೆ ಎದ್ದಿತ್ತು. ಕಸದ ತಳ್ಳುಗಾಡಿ ಅತ್ತ ಹೊರಟಿತ್ತು. ಗಾಡಿಯ ತುದಿಯಲ್ಲಿ, ಹಳದಿ ಚೀಲಗಳ ಮೇಲೆ, ಆ ಪ್ಲಾಸ್ಟಿಕ್ ಪೆಟ್ಟಿಗೆ.

"ಏಯ್! ನಿಲ್ಸಯ್ಯಾ!"

ಮೊಣಕಾಲು ಬೇಡ ಬೇಡ ಎಂದಿತು. ಇನ್ಸ್‌ಪೆಕ್ಟರಮ್ಮ ಕೇಳಲಿಲ್ಲ. ಮೆಟ್ಟಿಲು ಇಳಿದರು, ಒಗೆದ ಚಾದರಗಳ ಸಾಲಿನ ನಡುವೆ ನುಗ್ಗಿದರು. ಒಂದು ಹಸಿ ಚಾದರ ಮುಖಕ್ಕೆ ಸುತ್ತಿಕೊಂಡಿತು. ಕಿತ್ತೆಸೆದರು. ಗಾಡಿಯವನು ಒಲೆಯ ಬಾಗಿಲು ತೆರೆದಿದ್ದ. ಕೆಂಡದ ಝಳ ಮುಖಕ್ಕೆ ಹೊಡೆಯಿತು. ಅವನು ಪೆಟ್ಟಿಗೆ ಎತ್ತುವುದಕ್ಕೂ ಇವರು ಅದರ ಇನ್ನೊಂದು ತುದಿ ಹಿಡಿಯುವುದಕ್ಕೂ ಸರಿಹೋಯಿತು.

"ಯಾರು ಕೊಟ್ರು ಇದನ್ನ?"

"ಒ-ಒಣಗಪ್ಪ ಅವರು. ಪೊಲೀಸ್ನೋರೇ ಸುಡೋಕೆ ಹೇಳಿದ್ರು ಅಂದ್ರು."

"ಓಹೋ, ಹಂಗಾ!" ಇನ್ಸ್‌ಪೆಕ್ಟರಮ್ಮ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡರು. ಏದುಸಿರು ಬಿಡುತ್ತಲೇ ಪೊಲೀಸ್ ಪ್ರಯೋಗಾಲಯಕ್ಕೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದರು: ಬೂಷ್ಟು ಹಿಡಿದ ಟೇಪನ್ನು ಸುಡಲೇಬೇಕಾ?

"ಯಾರು ಹೇಳಿದ್ದು?" ಆ ಕಡೆಯ ಹುಡುಗಿ ನಕ್ಕಳು. "ಓದೋ ಯಂತ್ರಕ್ಕೆ ಹಾಕ್ಬೇಡಿ ಅಷ್ಟೇ. ಚೀಲದಲ್ಲಿ ಕಟ್ಟಿ ಬೇರೆ ಇಡಿ. ಆಮೇಲೆ ಒಣಗಿಸಿದ್ರೆ ಬೂಷ್ಟು ಬೆಳೆಯೋದು ನಿಲ್ಲುತ್ತೆ. ಬಲ್ಲವರು ಮೆಲ್ಲಗೆ ಒರೆಸಿ ತೆಗೀಬಹುದು. ಎಷ್ಟೋ ಸಲ ಉಳಿಯುತ್ತೆ."

ಒಣಗಪ್ಪನಂಥ ಒಣಗಪ್ಪನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ?

\* \* \*

ಒಣಕೋಣೆಯಲ್ಲಿ ಎಲ್ಲರೂ ಸೇರಿದರು. ಡಾಕ್ಟರಮ್ಮ, ಒಣಗಪ್ಪ, ಅಕ್ಕ, ಯಜಮಾನರು, ಸ್ಲೇಟು ಹಿಡಿದ ಟೀಚರಮ್ಮ.

ಇನ್ಸ್‌ಪೆಕ್ಟರಮ್ಮ ಮೊದಲು ಬಿಸಿಲಿನಲ್ಲಿಟ್ಟಿದ್ದ ಕನ್ನಡಕ ಎತ್ತಿದರು. ಹನಿ ಆರಿತ್ತು. ಕಪ್ಪು ಗಾಜಿನ ಮೇಲೆ ಸುಣ್ಣದ ಬಿಳಿ ಉಂಗುರ.

"ಅಕ್ಕಾ, ಇದು ಇಸ್ತ್ರಿಗೆ ಆಗೋ ನೀರಾ?"

ಅಕ್ಕ ಇಣುಕಿದಳು. "ಅಯ್ಯೋ ಇಲ್ಲ! ಇದು ನಲ್ಲಿ ನೀರು. ಇಂಥದಕ್ಕೇ ಬಿಳೀ ಕಲೆ ಆಗೋದು."

"ಗಾಳಿಯಿಂದ ಹೀರಿದ ನೀರಲ್ಲಿ ಸುಣ್ಣ ಇರಲ್ಲ. ಅಂದ್ರೆ ಈ ಬಕೆಟ್ಟು ತಾನಾಗಿ ತುಂಬಿಲ್ಲ. ಯಾರೋ ನಲ್ಲಿಯಿಂದ ತಂದು ಸುರಿದಿದ್ದಾರೆ. ಯಂತ್ರ ನಿಲ್ಲಲಿ, ಬಯ್ಗುಳ ಅಕ್ಕನಿಗೆ ಬೀಳಲಿ ಅಂತ."

ಅವರು ಬೂಷ್ಟಿನ ಟೇಪನ್ನು ಪೆಟ್ಟಿಗೆಯಿಂದ ಹೊರತೆಗೆದರು.

"ಎರಡನೇದು, ಈ ಚೀಟಿ. ಬೂಷ್ಟಿಗೆ ಕಾಗದ, ಗೋಂದು ಅಂದ್ರೆ ಹಬ್ಬದೂಟ. ಮೊದಲು ಅದನ್ನೇ ತಿನ್ನುತ್ತೆ. ಇಲ್ಲಿ ಟೇಪಿನ ಮೈಯೆಲ್ಲ ರೋಮ, ಚೀಟಿ ಮಾತ್ರ ಬೆಳ್ಳಗೆ." ಅವರು ಉಗುರಿನಿಂದ ಚೀಟಿಯ ಒಂದು ಮೂಲೆ ಎಬ್ಬಿಸಿದರು. ಅಡಿಯಲ್ಲಿ ಬೂದು ರೋಮ ಚಪ್ಪಟೆಯಾಗಿ ಅಂಟಿತ್ತು. "ಬೂಷ್ಟು ಬೆಳೆದ ಮೇಲೆ ಚೀಟಿ ಅಂಟಿಸಿದ್ದು. ಇವು ಟೀಚರಮ್ಮನ ಟೇಪುಗಳೇ ಅಲ್ಲ. ಎಲ್ಲೋ ಒದ್ದೆ ಜಾಗದಲ್ಲಿ ಕೊಳೀತಿದ್ದ ಹಳೇ ಟೇಪುಗಳು."

"ಬಟ್ಟೆ ಒಗೆಯೋ ಮನೆ ಮೆಟ್ಟಿಲ ಕೆಳಗೆ ಒಂದು ಗೋಣಿ ಇದೆ," ಡಾಕ್ಟರಮ್ಮ ಪಿಸುಗುಟ್ಟಿದರು. "ಹಬೆ ಹೊಡೆಯೋ ಜಾಗ. ಕೆಟ್ಟ ಟೇಪೆಲ್ಲ ಅಲ್ಲೇ."

"ಹಾಗಾದ್ರೆ ಯಾರು? ಕೀಲಿ ಇರೋದು ಇಬ್ಬರ ಹತ್ರ." ಇನ್ಸ್‌ಪೆಕ್ಟರಮ್ಮ ಪೆಟ್ಟಿಗೆಯಿಂದ ಸೊಳ್ಳೆಪರದೆಯ ಪೊಟ್ಟಣವನ್ನು ಎತ್ತಿ ಹಿಡಿದರು. ಮಣಿಗಳು ನೀಲಿ, ಅಚ್ಚ ನೀಲಿ. "ಇವು ಬಾಯಾರಿಕೆಯಲ್ಲಿವೆ. ಪಕ್ಕದ ಒಣ ಪೆಟ್ಟಿಗೆಯ ಮಣಿ ಕೂಡ ಗುಲಾಬಿಗೆ ತಿರುಗಿದೆ. ಬೂಷ್ಟು ತುಂಬಿದ ಪೆಟ್ಟಿಗೇಲಿ ಇವು ಒಂದು ಗುಟುಕೂ ಕುಡಿದಿಲ್ವಾ? ಬೂಷ್ಟು ಟೇಪು ಇಟ್ಟ ಮೇಲೆ ಯಾರೋ ಹೊಸ ಪೊಟ್ಟಣ ಇಟ್ಟು ಮುಚ್ಚಳ ಹಾಕಿದ್ದಾರೆ. ಕಳ್ಳನಿಗೆ ಅದರ ಅಗತ್ಯ ಏನಿತ್ತು? ಏನೂ ಇಲ್ಲ. ಆದ್ರೆ ಇವನ ಕೈಗೆ, ಪೊಟ್ಟಣ ಇಡದೆ ಪೆಟ್ಟಿಗೆ ಮುಚ್ಚಿ ಅಭ್ಯಾಸವೇ ಇಲ್ಲ."

ಎಲ್ಲರ ಕಣ್ಣು ಒಂದೇ ಕಡೆ ತಿರುಗಿತು.

"ಮೇಡಂ, ಏನೇನೋ ಹೇಳ್ಬೇಡಿ," ಒಣಗಪ್ಪನ ನಾಲಿಗೆ ಅವನ ಹೆಸರಿಗೆ ತಕ್ಕಂತೆ ಒಣಗಿತ್ತು. "ನಾನ್ಯಾಕೆ ಟೇಪು ಕೆಡಿಸ್ಲಿ? ಈ ಟೇಪುಗಳು ನನ್ನ ಮಕ್ಕಳ ಹಾಗೆ!"

"ಕೆಡಿಸಿದ್ದೀರಿ ಅಂತ ನಾನೆಲ್ಲಿ ಹೇಳ್ದೆ? ನಿಮ್ಮ ಕೈಯಲ್ಲಿ ಅದು ಆಗಲ್ಲ."

ಇನ್ಸ್‌ಪೆಕ್ಟರಮ್ಮ ಸ್ಟೂಲು ಎಳೆದು ಹತ್ತಿದರು. ಮೇಲಿನ ಸಾಲಿನ ಖಾಲಿ ಟೇಪಿನ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದರು. ಪೊಟ್ಟಣವಿಲ್ಲ. ಇಲ್ಲ. ಇದರಲ್ಲೂ ಇಲ್ಲ. ಒಣಗಪ್ಪ ಕಣ್ಣು ಮುಚ್ಚಿಕೊಂಡ. ಗೋಡೆಯ ಮೂಲೆಯ ಪೆಟ್ಟಿಗೆಯ ಮುಚ್ಚಳ ತೆರೆಯಿತು.

ಸೊಳ್ಳೆಪರದೆಯ ಬಟ್ಟೆ. ನೀಲಿ ಮಣಿಗಳು. ಅವುಗಳ ಕೆಳಗೆ, ಮಗುವನ್ನು ಮಲಗಿಸಿದ ಹಾಗೆ, ಎರಡು ಟೇಪು. ಚೀಟಿ ಕಿತ್ತ ಗುರುತು ಇನ್ನೂ ಹಸಿಯಾಗಿತ್ತು.

"ಖಾಲಿ ಟೇಪಿಗೆ ಯಾರೂ ಕೊಡೆ ಹಿಡಿಯಲ್ಲ ಒಣಗಪ್ಪನವರೇ. ಸುಟ್ಟ ಬೂದಿ ತೋರಿಸಿ, ಸುದ್ದಿ ತಣ್ಣಗಾದ ಮೇಲೆ ಇದನ್ನ ಮನೆಗೆ ಒಯ್ಯೋ ಯೋಚನೆ ಇತ್ತೇನೋ. ಕರೆಂಟ್ ಆಫೀಸಿನ ಫೋನಲ್ಲಿ ಟೀಚರಮ್ಮನ ದನಿ ಮಾತಾಡ್ತಿದೆ. ಯಾರಿಗೆ ಮಾರಿದ್ರಿ?"

ಒಣಗಪ್ಪ ಗೋಡೆಗೆ ಒರಗಿ ಹಾಗೇ ಕುಸಿದು ಕೂತ. ಮಾತು ತಡವರಿಸಿಕೊಂಡು ಬಂತು. ಫೋನಿಗೆ ದನಿ ಮಾಡಿಕೊಡುವ ಒಂದು ಕಂಪನಿ. ಅದರ ಏಜೆಂಟು ಸವಿಮಾತಿನವನು. ಹೇಗೂ ಪೆಟ್ಟಿಗೆಯಲ್ಲಿ ಕೂತಿರುವ ದನಿ, ಒಂದು ಪ್ರತಿ ಕೊಟ್ಟರೆ ಯಾರ ಗಂಟೇನು ಹೋಗುತ್ತದೆ ಎಂದನಂತೆ. ಒಣಗಪ್ಪ ಕೊಟ್ಟ. ಆಗ ಟೀಚರಮ್ಮ ಉಳಿಯುವುದೇ ಅನುಮಾನ ಎನ್ನುತ್ತಿದ್ದರು. ಅವರು ಉಳಿದರು. ಮಾತಾಡುವ ಯಂತ್ರವೂ ಬಂತು.

"ಇವರು ಅದೇ ದನೀಲಿ ಮಾತಾಡಿದ್ರೆ ಫೋನ್ ಮಾಡೋ ಊರೋರೆಲ್ಲ ಗುರುತು ಹಿಡೀತಾರೆ. ನಾನು ಸಿಕ್ಕಿಬೀಳ್ತೀನಿ. ದನಿ ಇಲ್ಲ ಅಂತಾಗ್ಲೇಬೇಕಿತ್ತು." ಅವನು ತಲೆ ಎತ್ತಲಿಲ್ಲ. "ಅಳಿಸಿಬಿಡೋಣ ಅಂತ ಎಷ್ಟು ಸಲ ಕೂತೆ ಮೇಡಂ. ಕೈ ಬರಲಿಲ್ಲ."

"ಟೇಪಿನ ಮೇಲೆ ಅಷ್ಟು ಕರುಣೆ," ಎಂದಳು ಅಕ್ಕ. ದನಿ ಎತ್ತರಿಸಿರಲಿಲ್ಲ. "ನನ್ನ ಮೇಲೆ ಇರಲಿಲ್ವಾ ಅಣ್ಣಾ?"



ಟೀಚರಮ್ಮ ಸ್ಲೇಟಿನಲ್ಲಿ ಏನೋ ಬರೆದರು, ಅಳಿಸಿದರು, ಮತ್ತೆ ಬರೆದರು. ಕೊನೆಗೆ ಅದನ್ನು ಒಣಗಪ್ಪನ ಮುಖದ ಮುಂದೆ ಹಿಡಿದರು. 'ಅಕ್ಕನ ಕ್ಷಮೆ ಕೇಳು. ಆಮೇಲೆ ನನ್ನದು.'

ಅವನು ಕೇಳಿದ. ಅಕ್ಕ ಮುಖ ತಿರುಗಿಸಿಕೊಂಡಳು. ಆದರೆ ಅವನ ಒಣಗಿದ ತುಟಿ ನೋಡಿ ಕುಡಿಯಲು ನೀರು ತಂದುಕೊಟ್ಟವಳೂ ಅವಳೇ.

ಇನ್ಸ್‌ಪೆಕ್ಟರಮ್ಮ ಅವನನ್ನು ಹೊರಗೆ ಕರೆದುಕೊಂಡು ಹೊರಟರು. ಹೊಸ್ತಿಲು ದಾಟಿದವನು ಗಕ್ಕನೆ ನಿಂತ.

"ಮೇಡಂ, ಬಾಗಿಲು," ಎಂದ. "ಹಾಕ್ಬಿಡಿ. ತೇವ ನುಗ್ತಿದೆ."

ಇನ್ಸ್‌ಪೆಕ್ಟರಮ್ಮ ಬಾಗಿಲು ಹಾಕಿದರು.

\* \* \*

ಆ ಕಂಪನಿಯ ಏಜೆಂಟನೂ ಸಿಕ್ಕಿಬಿದ್ದ. ಕರೆಂಟ್ ಆಫೀಸಿನ ಫೋನಿಗೆ ಬೇರೆ ದನಿ ಬಂತು. ಡಾಕ್ಟರಮ್ಮ ಎರಡನೆಯ ಪ್ರತಿಯನ್ನು ತಾವೇ ಹೊತ್ತುಕೊಂಡು ಹೋಗಿ ಬಣ್ಣ ಆರಿದ ಹಿಂದಿನ ಕಟ್ಟಡದಲ್ಲಿ ಇಟ್ಟು ಬಂದರು. ಯಂತ್ರಕ್ಕೆ ದನಿ ಕಲಿಸಿ ಮುಗಿದ ದಿನ ಇನ್ಸ್‌ಪೆಕ್ಟರಮ್ಮನಿಗೂ ಕರೆ ಬಂತು. ಟೀ ಲೋಟ ಮುಚ್ಚಿಟ್ಟು ಓಡಿದರು.

ಟೀಚರಮ್ಮ ಅದೇ ಬೆಂಚಿನ ಮೇಲೆ ಕೂತಿದ್ದರು. ಸ್ಲೇಟು ಪಕ್ಕಕ್ಕೆ ಸರಿದಿತ್ತು. ಅಂಗೈಯಲ್ಲಿ ಯಂತ್ರ. ಎದುರಿಗೆ ಯಜಮಾನರು, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನಂತೆ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಮೊದಲ ಮಾತು ಏನಿರಬಹುದು? ಅಕ್ಕ ಸೆರಗಿನ ತುದಿ ಕಚ್ಚಿಕೊಂಡಳು. ಡಾಕ್ಟರಮ್ಮ ಕೈ ಹೊಸೆದರು.

ಟೀಚರಮ್ಮ ಗಂಡನನ್ನು ಒಮ್ಮೆ, ಅವರ ಕೈಯ ಫೋನನ್ನು ಒಮ್ಮೆ ನೋಡಿ, ನಿಧಾನವಾಗಿ ಅಕ್ಷರಗಳನ್ನು ಒತ್ತಿದರು.

"ರೀ, ಸಾಕು," ಎಂದಿತು ಯಂತ್ರ. ಮುಕ್ಕು ಹಲ್ಲಿನ ಸಣ್ಣ ಶಿಳ್ಳೆ ಮೊಗಸಾಲೆಯ ಉದ್ದಕ್ಕೂ ಹಾಯಿತು. "ಆ ಕರೆಂಟ್ ಆಫೀಸಿಗೆ ಫೋನ್ ಮಾಡೋದು ಇನ್ನು ನಿಲ್ಲಿಸಿ. ನಾನು ಇಲ್ಲೇ ಇದ್ದೀನಿ."